ಹುಬ್ಬಳ್ಳ್ಯಾಗ ಕುಂತು ಮೈಥಿಲಿ ಕಲಿಯೂದು ಹೆಂಗ, ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ

ಮೊದಲ ನನ್ನ ಮಾನ ಹೋದ ಕಥಿ ಹೇಳಿಬಿಡ್ತೀನಿ, ಪಾಠ ಆಮ್ಯಾಲ. ನಮ್ಮ ಮನಿ ಮ್ಯಾಲಿನ ಪೋರ್ಷನ್‌ಗೆ ಒಂದ್ ಫ್ಯಾಮಿಲಿ ಬಾಡಿಗಿಗೆ ಬಂತು, ಯಜಮಾನ್ರಿಗೆ ಇಲ್ಲೇ ಹುಬ್ಬಳ್ಳ್ಯಾಗ ರೈಲ್ವೆ ನೌಕರಿ, ಊರು ಬಿಹಾರದಾಗ ಮಧುಬನಿ ಹಂತೇಕ ಒಂದ್ ಹಳ್ಳಿ. ನಾವೂ ಎಲ್ಲಾರಂಗ "ಬಿಹಾರದವ್ರು, ಹಿಂದಿ ಮಂದಿ" ಅಂತ ಒಂದ ಮಾತಿನ್ಯಾಗ ಮುಗಿಸಿಬಿಟ್ಟಿದ್ವಿ. ಆದ್ರ ಸಂಜಿಮುಂದ ಮ್ಯಾಲಿಂದ ಕೇಳೋ ಮಾತು ಹಿಂದಿ ಅಲ್ಲ ಅನ್ನೂದು ಎಂಟ ದಿನದಾಗ ಗೊತ್ತಾತು, ಕೇಳಿದ್ರ ಬಂಗಾಲಿ ಅನಸ್ತಿತ್ತು, ಇನ್ನೊಮ್ಮೆ ಕೇಳಿದ್ರ ಅದೂ ಅಲ್ಲ. ಕೇಳಿದೆ, "ಮೈಥಿಲೀ" ಅಂದ್ರು. ಅವರ ಮನಿ ಸಣ್ಣ ಹುಡುಗ ನಮ್ಮನ್ಯಾಗ ಆಡಾಕ ಬರ್ತಿದ್ದ, ಅವನ ಕಡಿಂದ ನಾಕ್ ಮಾತ ಕಲ್ತೆ. ಒಂದಿನ ಅವರ ಹಿರೇ ಹೆಣ್ಮಗಳು, ಎಪ್ಪತ್ತ ದಾಟಿದ ಕಾಕಿ, ಕಾಯಿಪಲ್ಲೆ ಚೀಲ ಹಿಡಕೊಂಡ ಮೆಟ್ಲ ಇಳಿಯಾಕತ್ತಿದ್ರು, ನಾ ಭಾಳ ಶಾಣ್ಯಾನಂಗ "ತೋಂ ಕತಯ ಜಾಇತ ಛೇಂ?" ಅಂದೆ. ಕಾಕಿ ಅಲ್ಲೇ ನಿಂತಬಿಟ್ರು. ಹುಡುಗ ಬಿದ್ದಬಿದ್ದ ನಗಾಕತ್ತ. ನಾ ಅಂದಿದ್ದು ನಮ್ಮ ಭಾಷಾದಾಗ "ಎಲ್ಲಿಗ್ ಹೊಂಟೀ ಲೇ" ಅಂದಂಗ ಆಗಿತ್ತಂತ. ತಪ್ಪು ಹುಡುಗಂದಲ್ಲ ಬಿಡ್ರಿ, ಅವನ ಕೂಡ ಮನ್ಯಾಗ ಎಲ್ಲಾರೂ ಹಂಗ ಮಾತಾಡ್ತಾರ, ಅವ ಕೇಳಿದ್ದು ನನಗ ಕಲಿಸಿದ.

ಅದಕ್ಕ ಮೊದಲ್ನೇ ಮಾತು: ಮೈಥಿಲಿ ಕಲಿಯೂದಿದ್ರ ಮರ್ಯಾದಿಯಿಂದ ಚಾಲೂ ಮಾಡ್ರಿ. ಶಬ್ದ ಆಮ್ಯಾಲ, ವ್ಯಾಕರಣ ಆಮ್ಯಾಲ, ಲಿಪಿ ಅಂತೂ ಭಾಳ ಆಮ್ಯಾಲ. ನಮಗ ನೀ, ನೀವು, ತಾವು ಇದ್ದಂಗ ಅವರಲ್ಲೂ ಮೆಟ್ಲ ಅದಾವು: ಸಣ್ಣೋರಿಗೆ, ಭಾಳ ಸಲಗಿ ಇದ್ದೋರಿಗೆ "ತೋಂ", ಗೌರವಕ್ಕ "ಅಹಾಂ", ಅದಕಿಂತ ಮ್ಯಾಲ "ಅಪನೇ". ನೀವು ಹೊಸಬರು, ಕಣ್ಣ ಮುಚ್ಚಿ ಎಲ್ಲಾರಿಗೂ "ಅಹಾಂ" ಅನ್ರಿ. ಎಂಟ ವರ್ಷದ ಹುಡುಗಿಗೆ "ಅಹಾಂ" ಅಂದ್ರ ಯಾರೂ ಸಿಟ್ಟಾಗೂದಿಲ್ಲ, ನಕ್ಕೊಂಡ ಖುಷಿ ಪಡ್ತಾರ ಅಷ್ಟ, ಎಪ್ಪತ್ತರ ಕಾಕಿಗೆ "ತೋಂ" ಅಂದ್ರ ಏನ್ ಆಗ್ತೈತಿ ಅನ್ನೂದು ಮ್ಯಾಲ ಹೇಳೀನಿ.

ಇದರಾಗ ಒಂದ್ ದೊಡ್ಡ ಲಾಭ ಐತಿ, ಯಾರೂ ಮೊದಲ ಹೇಳಲಿಲ್ಲ ನನಗ. "ಹಮ್" ಅಂದ್ರ ನಾನು. ಈ "ಹಮ್"ಗೂ "ಅಹಾಂ"ಗೂ ಕ್ರಿಯಾಪದ ಒಂದ. "ಹಮ್ ಜಾಇತ ಛೀ" ಅಂದ್ರ ನಾ ಹೊಂಟೀನಿ, "ಅಹಾಂ ಜಾಇತ ಛೀ" ಅಂದ್ರ ನೀವು ಹೊಂಟೀರಿ. "ಹಮ್ ಜಾಏಬ", ನಾ ಹೋಗ್ತೀನಿ, "ಅಹಾಂ ಜಾಏಬ", ನೀವು ಹೋಗ್ತೀರಿ. ಅಂದ್ರ ಒಂದ ರೂಪ ಕಲ್ತ್ರ ಎರಡ ಮಂದಿ ನಡುವಿನ ಮಾತು ಪೂರ್ತಿ ನಡಿತೈತಿ. ಮೂರನೇ ಮನಷಾನ ಬಗ್ಗೆ ಮಾತಾಡೋಮುಂದ ಅಷ್ಟ ಎಚ್ಚರ ಇರಬೇಕು: ಸಲಗಿ ಇದ್ರ "ಓ ಜಾಇತ ಅಛಿ", ಹಿರೇರಾದ್ರ "ಓ ಜಾಇತ ಛಥಿ". ಹೊರಗಿನ ಮಂದಿ ನಮ್ಮ ಧಾರವಾಡ ಕಡೆ ಬಂದು "ರೀ" ಬಿಟ್ಟು ಮಾತಾಡಿದ್ರ ಕಿವಿಗೆ ಹೆಂಗ ಬಡಿತೈತಲಾ, ಅಲ್ಲಿ "ಛಥಿ" ಬಿಟ್ರ ಹಂಗ ಬಡಿತೈತಿ.

ಇನ್ನೊಂದ್ ಲಾಭ, ಇದನ್ನ ಕೇಳಿ ನನಗ ಪೇಢೆ ಹಂಚೂ ಅಷ್ಟು ಖುಷಿ ಆಗಿತ್ತು. ಹಿಂದಿ ಮಾತಾಡೋಮುಂದ ನಮ್ಮ ಜೀವ ಹೋಗೂದು ಎಲ್ಲಿ ಹೇಳ್ರಿ? ಗಾಡಿ ಆತಾ ಹೈನೋ ಆತೀ ಹೈನೋ, ದಹಿ ಖಟ್ಟಾನೋ ಖಟ್ಟೀನೋ. ಮೈಥಿಲಿಯೊಳಗ ಆ ತಾಪತ್ರಯ ಇಲ್ಲ. "ಗಾಡೀ ಅಬೈತ ಅಛಿ", ಮುಗೀತು, ಗಾಡಿ ಗಂಡೋ ಹೆಣ್ಣೋ ಅದರ ಪಾಡಿಗೆ ಅದು ಬರ್ತೈತಿ. ಗಂಡಸೂ "ಹಮ್ ಜಾಇತ ಛೀ", ಹೆಣ್ಮಗಳೂ "ಹಮ್ ಜಾಇತ ಛೀ". ಬ್ಯಾರೇ ಮನಷಾರ ಬಗ್ಗೆ, ಆಗಿಹೋದ ಮಾತು ಹೇಳೋಮುಂದ ಸ್ವಲ್ಪ ಫರಕು ಬರ್ತೈತಿ, ಅದನ್ನ ಕಿವಿ ತಾನ ಹಿಡಕೊಂತೈತಿ. ಬಹುವಚನಕ್ಕೂ ಗದ್ಲ ಇಲ್ಲ, ಹಿಂದ "ಸಭ" ಹಚ್ಚಿದ್ರ ಆತು, "ಹಮ್ ಸಭ" ಅಂದ್ರ ನಾವೆಲ್ಲಾ.

ಈಗ ದಿನಕ್ಕ ಬೇಕಾಗೂ ಮಾತು. ಪಟ್ಟಿ ಮಾಡಿ ಬಾಯಿಪಾಠ ಮಾಡಬ್ಯಾಡ್ರಿ, ನಾ ಮಾಡಿದ್ದೆ, ಎರಡ ದಿನಕ್ಕ ಹಾರಿಹೋತು. ಒಂದ್ ಮಾತು ಹಿಡೀರಿ, ಅದನ್ನ ಎಂಟ ದಿನ ಸವಸ್ರಿ. ನಾ ಹಿಡಿದಿದ್ದು "ಭೋಜನ ಭೇಲ?" ಅನ್ನೂದು. "ಭೇಲ" ಅಂದ್ರ ಆತು. ಹಂಗಂದ್ರ "ಊಟ ಆತ್ರಿ?" ಅಂದಂಗ ಸುದ್ದ, ಒಂದ್ ಅಕ್ಷರ ಫರಕಿಲ್ಲ, ಕೇಳೂ ವ್ಯಾಳ್ಯಾನೂ ಒಂದ, ಮಧ್ಯಾಹ್ನ ಒಂದೂವರಿಗೆ ಮೆಟ್ಲ ಮ್ಯಾಲ ಸಿಕ್ಕಾಗ. ಆಮ್ಯಾಲ "ಆಉ" ಬರ್ರಿ, "ಬೈಸೂ" ಕೂಡ್ರಿ, "ಖಾಉ" ತಿನ್ರಿ, "ಜಾಉ" ಹೋಗ್ರಿ, ಈ ಕಡೀಗಿನ ಉ-ಕಾರ ನಮ್ಮ "ರಿ" ಮಾಡೂ ಕೆಲಸ ಮಾಡ್ತೈತಿ. "ನೀಕ" ಅಂದ್ರ ಚೊಲೊ, "ಬಡ್ಡ ನೀಕ" ಅಂದ್ರ ಭಾಳ ಚೊಲೊ. "ಕೀ" ಏನು, "ಕತಯ" ಎಲ್ಲಿ, "ಕಖನ" ಯಾವಾಗ, "ಕೇಹನ" ಹೆಂಗಿದ್ದದ್ದು. "ಹಮರ" ನನ್ನ, "ಅಹಾಂಕ" ನಿಮ್ಮ. ಹೆಸರಿಗೆ "ಕ" ಹಚ್ಚಿದ್ರ ನಮ್ಮ "ದ", "ನ" ಅಂದಂಗ: "ಮಿಥಿಲಾಕ" ಅಂದ್ರ ಮಿಥಿಲಾದ, ಮಿಥಿಲಾ ಅಂದ್ರ ಮೈಥಿಲಿ ಮಾತಾಡೂ ನಾಡು. "ಅಹಾಂಕ ನಾಮ ಕೀ ಅಛಿ?" ಇಷ್ಟ್ ಬಂದ್ರ ಮ್ಯಾಲಿನ ಮನಿ ಬಾಗಲಾ ತಗದಂಗ. ಮತ್ತ ಹೊಸಬರು ಗಾಬರಿ ಆಗೂದೊಂದ್ ಜಾಗಾ: ಪುಸ್ತಕದಾಗ "ಅಛಿ" ಅಂತ ಇರ್ತೈತಿ, ಮಂದಿ ಬಾಯಾಗ "ಛೈ" ಅಂತ ಬರ್ತೈತಿ. ನಾವು "ಇದೆ" ಅಂತ ಓದಿ "ಐತಿ" ಅನ್ನೂದಿಲ್ಲೇನು, ಹಂಗ. ಊರಿಂದ ಊರಿಗೆ, ಓಣಿಯಿಂದ ಓಣಿಗೆ ಮಾತು ಬದಲಾಗ್ತೈತಿ, ದರಭಂಗಾ–ಮಧುಬನಿ ಕಡಿ ಮಾತಿಗೆ ಪುಸ್ತಕದ ಮರ್ಯಾದಿ ಸಿಕ್ಕೈತಿ, ಉಳಿದೋರ ಮಾತು ತಪ್ಪು ಅಂತ ಅರ್ಥ ಅಲ್ಲ.

ಉಚ್ಚಾರಕ್ಕ ಒಂದ್ ಗುಟ್ಟು. ಕಡೀಗಿನ ಸಣ್ಣ "ಇ" ಅವರು ಕಡೀಗೆ ಅನ್ನೂದಿಲ್ಲ, ಒಂದ್ ಅಕ್ಷರ ಹಿಂದಕ್ಕ ಸರಿಸಿ ಅಂತಾರ. "ಪಾನಿ" ಅಂತ ಬರದಿರ್ತೈತಿ, ಕೇಳೂದು "ಪಾಇನ್" ಅಂತ. "ರಾತಿ" ಬರದಿರ್ತೈತಿ, ಕೇಳೂದು "ರಾಇತ್". ಇದನ್ನ ತಿಳಕೊಳ್ಳೂಮಟ ನನಗ ಬರದಿದ್ದಕ್ಕೂ ಕೇಳಿದ್ದಕ್ಕೂ ತಾಳ ಕೂಡಿರಲಿಲ್ಲ.

ಕಷ್ಟ ಇಲ್ಲೇನು ಅಂದ್ರ ಐತಿ. ಮೈಥಿಲಿ ಕ್ರಿಯಾಪದ ಯಾರು ಮಾಡಿದ್ರು ಅನ್ನೂದರ ಜೋಡಿ ಯಾರಿಗೆ ಮಾಡಿದ್ರು ಅನ್ನೂದನ್ನೂ ಹಿಡಕೊಂಡ ಬರ್ತೈತಿ. "ನಾ ನೋಡಿದೆ" ಅನ್ನೂದು ನಮಗ ಒಂದ, ಯಾರನ್ನ ನೋಡಿದ್ರೂ. ಅವರಲ್ಲಿ ಹಂಗಲ್ಲ. ಸಲಗಿ ಇದ್ದವನ್ನ ನೋಡಿದ್ರ "ಹಮ್ ಓಕರಾ ದೇಖಲಿಐ", ದೊಡ್ಡೋರನ್ನ ನೋಡಿದ್ರ "ಹಮ್ ಹುನಕಾ ದೇಖಲಿಐನ್ಹ", ಎದುರಿಗಿನ ಸಣ್ಣವನ್ನ ನೋಡಿದ್ರ "ಹಮ್ ತೋರಾ ದೇಖಲಿಔ". ಅಂದ್ರ ಮರ್ಯಾದಿ ಬರೇ ನೀವು ಅನ್ನೂದರಾಗ ಇಲ್ಲ, ನೋಡೂದು ಕೊಡೂದು ಹೇಳೂದು ಎಲ್ಲಾದರ ಬಾಲದಾಗೂ ಐತಿ. ಇದನ್ನ ಟೇಬಲ್ ಹಾಕಿ ಕಲಿಯಾಕ ಹೋದ್ರ ತಲಿ ಕೆಡ್ತೈತಿ, ಬಿಡ್ರಿ, ಮೊದಲ ಆರ್ ತಿಂಗಳು ತಪ್ಪ ಮಾತಾಡ್ರಿ, "ಅಹಾಂ" ಬಾಯಾಗ ಇದ್ರ ಮಂದಿ ಉಳಿದಿದ್ದು ಹೊಟ್ಟಿಗೆ ಹಾಕೊಂತಾರ.

"ಇದು ಹಿಂದಿದ ಒಂದ್ ನಮೂನಿ ಅಲ್ಲೇನ್ರಿ" ಅಂತ ನಮ್ಮ ಅಂಗಡಿಗೆ ಬಂದ ಗೆಳ್ಯಾರು ಕೇಳ್ತಾರ. ಅಲ್ಲ. ಬಂಗಾಲಿ, ಅಸಾಮಿ, ಒಡಿಯಾ ಇರೂ ಕಡಿ ಸಂಬಂಧ ಇದರದು. 1881-82ರ ಹೊತ್ತಿಗೇ ಗ್ರಿಯರ್ಸನ್ ಸಾಹೇಬ ಇದಕ್ಕ ಬ್ಯಾರೇನ ವ್ಯಾಕರಣ ಬರದಿದ್ದ. ಸಾಹಿತ್ಯ ಅಕಾಡೆಮಿ 1965ರಾಗ ಇದನ್ನ ಸಾಹಿತ್ಯದ ಭಾಷೆ ಅಂತ ಒಪ್ಪಿತು, ಸಂವಿಧಾನದ ಎಂಟನೇ ಪರಿಚ್ಛೇದಕ್ಕ ಸೇರಿದ್ದು 2003ರ 92ನೇ ತಿದ್ದುಪಡಿಯೊಳಗ, ಬೋಡೋ, ಡೋಗ್ರಿ, ಸಂತಾಲಿ ಜೋಡಿ. 2011ರ ಜನಗಣತಿಯೊಳಗ ನಮ್ಮ ದೇಶದಾಗ ಸುಮಾರು 1.35 ಕೋಟಿ ಮಂದಿ ಇದನ್ನ ತಾಯಿಭಾಷೆ ಅಂತ ಬರಿಸ್ಯಾರ, ಗಡಿ ಆಚೆ ಜನಕಪುರ ಕಡೆ ನೇಪಾಳದಾಗ ನೇಪಾಳಿ ಬಿಟ್ರ ಇದ ದೊಡ್ಡ ಭಾಷೆ. ಇಷ್ಟ ಇದ್ರೂ ನಿಮ್ಮ ಕಿಸೆದಾಗಿನ ನೋಟ್ ತಗದ ನೋಡ್ರಿ, ಒಂದ್ ಬಾಜೂ ಸಣ್ಣ ಅಕ್ಷರದಾಗ 15 ಭಾಷೆ ಸಾಲಾಗಿ ಅದಾವು, ಕನ್ನಡ ಐತಿ, ಮೈಥಿಲಿ ಇಲ್ಲ. ನಮ್ಮ ಮ್ಯಾಲಿನ ಯಜಮಾನ್ರು ಇದನ್ನ ತೋರಿಸಿ ನಕ್ರು, ಆದ್ರ ಆ ನಗಿಯೊಳಗ ಸ್ವಲ್ಪ ಖಾರ ಇತ್ತು.

ಈಗ ನಮ್ಮ ಕಡೇರಿಗೆ ಮೈ ಝುಂ ಅನ್ನಸೂ ಮಾತು, ಕಲಿಯಾಕ ಮನಸ್ ಬರ್ಲಿಲ್ಲಾಂದ್ರ ಇದನ್ನ ಓದ್ರಿ. ಮಿಥಿಲಾ ಆಳಿದ ಒಂದ್ ದೊಡ್ಡ ರಾಜಮನೆತನದ ಹೆಸರು ಕರ್ಣಾಟ ವಂಶ. ಹೌದ್ರಿ, ನಮ್ಮ ಕರ್ಣಾಟನ. 1097ರಾಗ ನಾನ್ಯದೇವ ಅನ್ನಾಂವ ಸಿಮ್ರೌನಗಢದಾಗ, ಈಗದು ನೇಪಾಳದ ಬಾರಾ ಜಿಲ್ಲಾ, ರಾಜ್ಯ ಕಟ್ಟಿದ. ಕಲ್ಯಾಣ ಚಾಲುಕ್ಯರ ಫೌಜು ಆ ಕಡೆ ದಂಡೆತ್ತಿ ಹೋದಾಗ ಜೋಡಿ ಹೋದ ಮಂದಿ ಅಲ್ಲೇ ಉಳಕೊಂಡ್ರು ಅಂತ ಇತಿಹಾಸಕಾರರು ಹೇಳ್ತಾರ. ಆಗ ಇಲ್ಲಿ ಆರನೇ ವಿಕ್ರಮಾದಿತ್ಯನ ರಾಜ್ಯ. ಗದಗ ಜಿಲ್ಲಾ ಡಂಬಳದಾಗ ಬೌದ್ಧರ ತಾರಾದೇವಿ ಗುಡಿಗೆ ದತ್ತಿ ಕೊಟ್ಟ ಶಾಸನ ಐತಲಾ, ಅದು 1095ರದು. ಅಂದ್ರ ಡಂಬಳದಾಗ ಕಲ್ಲಿಗೆ ಅಕ್ಷರ ಕೊರದ ಎರಡ ವರ್ಷಕ್ಕ ಅಲ್ಲಿ ಕರ್ಣಾಟದಾಂವ ಒಬ್ಬ ಸಿಂಹಾಸನ ಏರಿದ. ಬರೇ ರಾಜಾ ಅಲ್ಲಂತ ಅಂವ, ಭರತನ ನಾಟ್ಯಶಾಸ್ತ್ರದ ಮ್ಯಾಲ ಭರತಭಾಷ್ಯ ಅಂತ ಸಂಗೀತದ ಗ್ರಂಥಾ ಬರದಾನ. ಸಂಗೀತದ ಹುಚ್ಚು ನಮ್ಮ ಧಾರವಾಡ ಮಂದಿಗೆ ಈಗೀಗ ಹತ್ತಿದ್ದಲ್ಲ ಅಂತ ನಾ ಎದಿ ಉಬ್ಬಿಸಿ ಮ್ಯಾಲಿನೋರಿಗೆ ಹೇಳಿದೆ, ಅವರು "ಹಾಂ ಹಾಂ" ಅಂದ್ರು.

ಇದೇ ವಂಶದ ಕಡೀ ರಾಜಾ ಹರಿಸಿಂಹದೇವನ ಆಸ್ಥಾನದಾಗ ಇದ್ದಾಂವ ಜ್ಯೋತಿರೀಶ್ವರ ಠಾಕುರ. ಅಂವ ಬರದ "ವರ್ಣರತ್ನಾಕರ" 1324ರ ಆಜುಬಾಜು ಕಾಲದ್ದು, ಉತ್ತರದ ದೇಶಭಾಷಾಗಳೊಳಗ ಸಿಗೂ ಭಾಳ ಹಳೇ ಗದ್ಯದಾಗ ಒಂದು. ಕಥಿ ಅಲ್ಲ ಅದು, ಕವಿಗಳಿಗೆ ರೆಡಿ ಸಾಮಾನು: ಊರು ವರ್ಣಿಸಬೇಕಾದ್ರ ಏನೇನ್ ಬರಬೇಕು, ನಾಯಕಿ, ಮಳಿಗಾಲ, ರಾಜಸಭಾ, ಆಡೋರು ಹಾಡೋರು, ಎಲ್ಲಾದಕ್ಕೂ ಮಾಲ್ ತುಂಬಿದ ಉಗ್ರಾಣ. ನಮ್ಮ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಸಂಸ್ಕೃತದಾಗ "ಮಾನಸೋಲ್ಲಾಸ" ಬರಿಸಿದ್ನಲಾ, ಅಡಗಿಯಿಂದ ಆನಿತನಕಾ, ಅದನ್ನ ನೋಡಿದೋರಿಗೆ ಇದು ಅಪರೂಪ ಅನಸೂದಿಲ್ಲ. 1940ರಾಗ ಸುನೀತಿಕುಮಾರ ಚಟರ್ಜಿ ಮತ್ತ ಬಬುಆ ಮಿಶ್ರ ಸಂಪಾದನೆ ಮಾಡಿ ಕಲಕತ್ತಾದ ಏಶಿಯಾಟಿಕ್ ಸೊಸೈಟಿಯಿಂದ ಅಚ್ಚಾತು. ಹೊಸಬರು ಇದನ್ನ ಓದಾಕ ಹೋಗಬ್ಯಾಡ್ರಿ, ಹಳಗನ್ನಡ ಓದಿದಂಗ ಆಗ್ತೈತಿ, ಇದು ಇರೂದು ಗೊತ್ತಿದ್ರ ಸಾಕು.

ಓದೂದಿದ್ರ ವಿದ್ಯಾಪತಿಯಿಂದ

ವಿದ್ಯಾಪತಿ ಸುಮಾರು 1352ರಿಂದ 1448, ಊರು ಮಧುಬನಿ ಜಿಲ್ಲಾದ ಬಿಸ್ಫಿ. ನಮ್ಮ ಲೆಕ್ಕಕ್ಕ ತರೂದಾದ್ರ, ಗದಗಿನ ವೀರನಾರಾಯಣನ ಗುಡ್ಯಾಗ ಕುಮಾರವ್ಯಾಸ ಭಾರತ ಕಟ್ಟಿದ ಕಾಲಕ್ಕ ಸರೀಸುಮಾರು. ಸಂಸ್ಕೃತದ ದೊಡ್ಡ ಪಂಡಿತ, ರಾಜಾ ಶಿವಸಿಂಹನ ಆಪ್ತ, ಸಂಸ್ಕೃತದಾಗ "ಪುರುಷಪರೀಕ್ಷಾ" ಬರದಾಂವ, ಆದ್ರ ಮಂದಿ ಬಾಯಾಗ ಉಳಿದಿದ್ದು ಮನಿಮಾತಿನ್ಯಾಗ ಕಟ್ಟಿದ ರಾಧಾ-ಕೃಷ್ಣರ ಪದಾ, ನಚಾರಿ ಅನ್ನೂ ಶಿವನ ಹಾಡು. ಅವಹಟ್ಟ ಅನ್ನೂ ಹಳೇ ಮಾತಿನ್ಯಾಗ ಬರದ "ಕೀರ್ತಿಲತಾ"ದಾಗ ಅಂವನ ಒಂದ್ ಮಾತು ಐತಿ, "ದೇಸಿಲ ಬಅನಾ ಸಬ ಜನ ಮಿಟ್ಠಾ", ನಾಡ ಮಾತು ಎಲ್ಲಾರಿಗೂ ಸಿಹಿ ಅಂತ. ಬೆಂಗಳೂರಾಗ ನಮ್ಮ ಮಾತು ಕೇಳಿ ನಕ್ಕೋರ ಮುಂದ ಇದನ್ನ ಒಮ್ಮೆ ಒಗದ ನೋಡೀನಿ, ತಿಳೀಲಿಲ್ಲ ಅವರಿಗೆ, ನನಗ ಸಮಾಧಾನ ಆತು.

ಓದೂ ರೀತಿ ಹೇಳ್ತೀನಿ. ಮೊದಲ ಕಣ್ಣಿಂದ ಓದಬ್ಯಾಡ್ರಿ, ಯಾರರೆ ಹಾಡಿದ್ದು ಕೇಳ್ರಿ. ಒಂದ ಪದಾ ಹಿಡಕೊಂಡು, ಒಂದ ಸಾಲು ಹಿಡಕೊಂಡು, ಒಂದೊಂದ ಶಬ್ದ ಬಿಡಸ್ರಿ. ನಾ ಬಿಡಿಸಿದ್ದು ಇದು, ವಿರಹದ ಪದಾ:

ಸಖಿ ಹೇ ಹಮರ ದುಖಕ ನಹಿ ಓರ
ಈ ಭರ ಬಾದರ ಮಾಹ ಭಾದರ ಸೂನ ಮಂದಿರ ಮೋರ

"ದುಖಕ", ಮ್ಯಾಲ ಹೇಳಿದ "ಕ" ಬಂತು ನೋಡ್ರಿ, ದುಃಖದ. "ಓರ" ಅಂದ್ರ ದಂಡಿ, ಕಡೀ. ಗೆಳತಿ, ನನ್ನ ದುಃಖಕ್ಕ ದಂಡಿ ಇಲ್ಲ. "ಬಾದರ" ಮೋಡ, "ಭಾದರ" ಭಾದ್ರಪದ ಮಾಸ, ಒಂದ್ ಉಸಿರು ಹೆಚ್ಚು ಕಡಿಮಿ ಅಷ್ಟ ಇವೆರಡಕ್ಕೂ, ಹಾಡಿದ್ರ ಮೋಡ ಗುಡುಗಿದಂಗ ಕೇಳ್ತೈತಿ. "ಸೂನ" ಅಂದ್ರ ಬರಿದು. ಇನ್ನ "ಮಂದಿರ" ಅಂದ ಕೂಡ್ಲೆ ನಮ್ಮ ತಲ್ಯಾಗ ಗುಡಿ ಬರ್ತೈತಿ, ನನಗೂ ಬಂತು, ಗುಡಿ ಯಾಕ ಖಾಲಿ ಆತು ಅಂತ ವಿಚಾರ ಮಾಡಾಕತ್ತಿದ್ದೆ. ಅದು ಗುಡಿ ಅಲ್ಲ, ಮನಿ. ತುಂಬಿದ ಮಳಿ, ಭಾದ್ರಪದ, ನನ್ನ ಮನಿ ಖಾಲಿ. "ಹಮರ" ಅಂತ ಚಾಲೂ ಆಗಿದ್ದು "ಮೋರ" ಅಂತ ಮುಗಿತೈತಿ, ಎರಡೂ ನನ್ನದ. ಕಾಕಿ ಇದನ್ನ ಅಡಗಿಮನಿ ಕಟ್ಟಿಗೆ ಒರಗಿ ಸಣ್ಣ ದನಿಲೆ ಅಂದು ತೋರಿಸಿದ್ರು, ಹೊರಗ ನಮ್ಮ ಉಣಕಲ್ ಕಡಿಂದ ಮಳಿ ಬರಾಕತ್ತಿತ್ತು, ನಾ ಅವತ್ತ ಮೊಬೈಲ್ ತಗದು ರೆಕಾರ್ಡ್ ಮಾಡಲಿಲ್ಲ, ಇವತ್ತಿಗೂ ಹಳಹಳಿ ಐತಿ. ನಿಮಗ ಹಾಡೋರು ಸಿಕ್ರ ಮೊದಲ ಕೇಳ್ರಿ, ಆಮ್ಯಾಲ ಒಪ್ಪಿಗಿ ತಗೊಂಡು ರೆಕಾರ್ಡ್ ಮಾಡ್ರಿ.

ಪದದ ಕಡೀಗೆ "ಭನಇ ವಿದ್ಯಾಪತಿ" ಅಂತ ಬರ್ತೈತಿ, ವಿದ್ಯಾಪತಿ ಹೇಳ್ತಾನ ಅಂತ. ವಚನ, ದಾಸರ ಪದಾ ಕೇಳಿ ಬೆಳೆದ ನಮಗ ಅಂಕಿತ ಅಂದ್ರ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ಪದಾ ಬಂಗಾಲಕ್ಕ ಹೋಗಿ ಅಲ್ಲಿ ವೈಷ್ಣವರ ಬಾಯಾಗ ಬ್ರಜಬುಲಿ ಅನ್ನೂ ಕವಿತೆಯ ಭಾಷಾ ಹುಟ್ಟಿತು, ಎಳೇ ವಯಸ್ಸಿನ ರವೀಂದ್ರನಾಥ ಠಾಕೂರ್ರೂ ಭಾನುಸಿಂಹ ಅಂತ ಕಳ್ಳಹೆಸರು ಇಟ್ಕೊಂಡು ಅದರಾಗ ಪದಾ ಬರದ್ರು. ಅತ್ಲಾಗ ನೇಪಾಳದ ಮಲ್ಲ ರಾಜರ ಆಸ್ಥಾನದಾಗ ಮೈಥಿಲಿ ನಾಟಕ ಆಡ್ತಿದ್ರು. ಕೇಳೂದಕ್ಕ ಇಬ್ಬರ ಹೆಸರು ಸಾಕು: ಮದಿವಿ ಹಾಡು, ಛಠ ಅನ್ನೂ ಸೂರ್ಯನ ಹಬ್ಬದ ಹಾಡು ಬೇಕಾದ್ರ ಶಾರದಾ ಸಿನ್ಹಾ, 2024ರ ನವೆಂಬರ್‌ದಾಗ ಹೋಗಿಬಿಟ್ರು, ಬೈಠಕ್ ಸಂಗೀತದ ಕಿವಿ ಇದ್ದೋರು ದರಭಂಗಾ ಧ್ರುಪದ ಘರಾನಾದ ರಾಮಚತುರ ಮಲ್ಲಿಕ್‌ರನ್ನ ಕೇಳ್ರಿ, ಆ ಮನೆತನದೋರು ವಿದ್ಯಾಪತಿ ಪದಾನೂ ಹಾಡ್ತಾರ. ಮೈಥಿಲರ ಯಾವ್ದ ಸಭಾಕ್ಕ ಹೋದ್ರೂ ಮೊದಲ "ಜಯ ಜಯ ಭೈರವಿ" ಅಂತ ವಿದ್ಯಾಪತಿದ ದೇವೀ ಪದಾ ಬರ್ತೈತಿ, ಅವರಿಗೆ ಅದ ನಾಡಗೀತೆ ಇದ್ದಂಗ, ಎಲ್ಲಾರೂ ಎದ್ದ ನಿಂತ್ರ ನೀವೂ ಎದ್ದ ನಿಲ್ರಿ.

ಗದ್ಯ ಓದಾಕ ಹರಿಮೋಹನ ಝಾ, ಅದರಾಗ ಎರಡನೇ ಮಾತಿಲ್ಲ. 1933ರ "ಕನ್ಯಾದಾನ" ಅನ್ನೂ ಕಾದಂಬರಿ ಇಂಗ್ಲಿಷ್ ಕಲ್ತ ವರ, ಹಳ್ಳಿ ಹುಡುಗಿ, ಈ ಜೋಡಿದು. ಅದಕಿಂತ ನನಗ ಸೇರಿದ್ದು ಅಂವನ ಖಟ್ಟರ ಕಾಕಾ. ಭಂಗಿ ಸೊಪ್ಪು ಅರಕೋತ ಕುಂತು, ಶಾಸ್ತ್ರ ಪುರಾಣ ಎಲ್ಲಾದನ್ನೂ ತರ್ಕದ ಮ್ಯಾಲ ತಲಿಕೆಳಗ ಮಾಡೂ ಮುದುಕ, ಕೇಳಾಂವ ಹೌದಪಾ ಹೌದು ಅನಬೇಕು ಹಂಗ. ನ್ಯಾಯಶಾಸ್ತ್ರದ ಗಂಗೇಶ ಹುಟ್ಟಿದ ನಾಡಿನ್ಯಾಗ ತರ್ಕವನ್ನ ಚ್ಯಾಷ್ಟಿಗೆ ಇಳಸಾಕ ಅಂಥಾ ಮುದುಕನ ಬೇಕು. ಇದರ ಹಿಂದಿ ಪುಸ್ತಕಾನೂ ಐತಿ, ಹಿಂದಿ ಬರೋರು ಎರಡೂ ಬಾಜೂಬಾಜೂ ಇಟ್ಕೊಂಡು ಓದ್ರಿ. "ಕಾಕಾ" ಅನ್ನೂ ಶಬ್ದ ನಮ್ಮಲ್ಲೂ ಅದ, ಅವರಲ್ಲೂ ಅದ, ಅದರಾಗೂ ಒಂದ್ ಸಲಗಿ ಬಂದಬಿಡ್ತೈತಿ. ಕವಿತಾ ಬೇಕಾದ್ರ ಯಾತ್ರಿ, ಅಂದ್ರ ಹಿಂದಿಯೊಳಗ ನಾಗಾರ್ಜುನ ಅಂತ ಹೆಸರಾದೋರು, 1911ರಾಗ ಹುಟ್ಟಿದ ವೈದ್ಯನಾಥ ಮಿಶ್ರ. ಹಿಂದಿಗೆ ಒಂದ್ ಹೆಸರು, ತಾಯಿಭಾಷೆಗೆ ಒಂದ್ ಹೆಸರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಮೈಥಿಲಿ ಪುಸ್ತಕಕ್ಕ, 1968ರಾಗ, "ಪತ್ರಹೀನ ನಗ್ನ ಗಾಛ". "ಗಾಛ" ಅಂದ್ರ ಗಿಡ. ಹೆಣ್ಮಕ್ಕಳೊಳಗ ಲಿಲೀ ರೇ, 1982ರಾಗ "ಮರೀಚಿಕಾ"ಕ್ಕ ಪ್ರಶಸ್ತಿ ತಗೊಂಡೋರು.

ಲಿಪಿ ವಿಷಯ ಗಡಾನ ಮುಗಸ್ತೀನಿ. ಇದಕ್ಕ ತನ್ನದ ಲಿಪಿ ಐತಿ, ತಿರಹುತಾ ಅಥವಾ ಮಿಥಿಲಾಕ್ಷರ, ನೋಡಾಕ ಬಂಗಾಲಿ ಅಕ್ಷರದ ಅಣ್ಣ-ತಮ್ಮ. ಈಗ ಪುಸ್ತಕ ಎಲ್ಲಾ ದೇವನಾಗರಿಯೊಳಗ, ಆದ್ದರಿಂದ ಅವಸರ ಇಲ್ಲ. 2014ರಾಗ ಯೂನಿಕೋಡ್‌ಗೆ ಸೇರೈತಿ, ನೋಟೋ ಸಾನ್ಸ್ ತಿರಹುತಾ ಅಂತ ಫಾಂಟ್ ಪುಕ್ಕಟೆ ಸಿಗ್ತೈತಿ, ಹಾಕೊಳ್ಳದ ನೋಡಿದ್ರ ಬರೇ ಚೌಕ ಡಬ್ಬಿ ಕಾಣ್ತಾವು. ಮೊದಲ ಅಂಜಿ ಅಂತ ಸುರುಳಿ ಸುತ್ತಿದ ಒಂದ್ ಗುರುತು ಬರಿತಾರ, ಗಣಪ್ಪನ ಹೆಸರಿಲೆ, ಆಮ್ಯಾಲ ಅಕ್ಷರ. ಗೂಗಲ್ ಟ್ರಾನ್ಸ್‌ಲೇಟ್‌ನ್ಯಾಗ 2022ರಿಂದ ಮೈಥಿಲಿ ಐತಿ, ಆದ್ರ ಅದನ್ನ ನಂಬಿ ಹಿರೇರಿಗೆ ಮೆಸೇಜ್ ಕಳಸಬ್ಯಾಡ್ರಿ, ಮೊದಲ ಹುಡುಗನಿಗೆ ತೋರಸ್ರಿ. ಮೈಥಿಲಿ ವಿಕಿಪೀಡಿಯಾ ಐತಿ, "ವಿದೇಹ" ಅಂತ ಇ-ಪತ್ರಿಕೆ ಐತಿ, ಸಾಲು ಓದಿ ರೂಢಿ ಮಾಡಿಕೊಳ್ಳಾಕ ಅಷ್ಟ ಸಾಕು.

ಚೂಡಾ ಅಂದ್ರ ನಮ್ಮ ಚೂಡಾ ಅಲ್ಲ

ಭಾಷಾ ಅಂದ್ರ ಅರ್ಧಾ ಹಬ್ಬ, ಅರ್ಧಾ ಊಟ. ಸಂಕ್ರಾಂತಿಗೆ ಮ್ಯಾಲಿಂದ ಕರಿ ಬಂತು, "ಚೂಡಾ-ದಹಿ" ತಿನ್ನಾಕ ಬರ್ರಿ ಅಂತ. ನಾವು ಬರಿಗೈಲೆ ಹೋಗೂದು ಹೆಂಗ ಅಂತ ಒಂದ್ ಕಿಲೊ ನಮ್ಮ ಚೂಡಾ, ಶೇಂಗಾ ಪುಠಾಣಿ ಬಳ್ಳೊಳ್ಳಿ ಒಗ್ಗರಣಿ ಹಾಕಿದ್ದು, ಕಟ್ಟಿಸ್ಕೊಂಡ ಹೋದ್ವಿ. ಅಲ್ಲಿ ನೋಡಿದ್ರ ಚೂಡಾ ಅಂದ್ರ ಬರೇ ಅವಲಕ್ಕಿ, ಅದರ ಮ್ಯಾಲ ಗಟ್ಟಿ ಮೊಸರು, ಬೆಲ್ಲ. ಕಾಕಿ ನಮ್ಮ ಚೂಡಾದ ಮ್ಯಾಲ ಮೊಸರು ಹಾಕಿ ತಿಂದ ನೋಡಿದ್ರು, "ಬಡ್ಡ ನೀಕ" ಅಂದ್ರು, ಮುಖ ಮಾತ್ರ ಬ್ಯಾರೇ ಹೇಳ್ತಿತ್ತು. ಹಂಗ "ಪಾಹುನ" ಅಂದ್ರ ಬರೇ ಮನಿಗೆ ಬಂದ ಅತಿಥಿ ಅಲ್ಲ, ಅಳಿಯಾನೂ ಹೌದು. ಬೆಳಗಾವಿ ಕಡೆ ಪಾವಣ್ಯಾರು ಅಂತಾರಲಾ, ಅದೇ ಜಾತಿ ಶಬ್ದ. ಅಲ್ಲಿ ಊರಿನ ಗುರುತು ಹೇಳೂ ಗಾದಿ ಐತಿ, "ಪಗ ಪಗ ಪೋಖರ, ಮಾಛ ಮಖಾನ", ಹೆಜ್ಜಿಗೊಂದ್ ಕೆರಿ, ಮೀನ, ಮಖಾನಾ. ನಮ್ಮಲ್ಲಿ ಈಗ ಡ್ರೈಫ್ರೂಟ್ ಅಂಗಡ್ಯಾಗ ಸಿಗೂ ಮಖಾನಾ ಅಲ್ಲಿ ಕೆರ್ಯಾಗ ಬೆಳೆಯೂ ಕಾಳು, 2022ರಾಗ ಮಿಥಿಲಾ ಮಖಾನಾ ಅಂತ ಜಿಐ ಟ್ಯಾಗೂ ಸಿಕ್ಕೈತಿ. ಮೀನ ಅಂದ್ರ ಅಲ್ಲಿ ಬ್ರಾಹ್ಮಣರೂ ತಿಂತಾರ, ಮುಖಾ ಗಂಟ ಹಾಕೊಂಡ ನೋಡಬ್ಯಾಡ್ರಿ.

ನಮಗ ಭಾಳ ವಿಚಿತ್ರ ಅನ್ನಿಸಿದ್ದು ಚೌತಿ. ಗಣಪತಿ ಚೌತಿ ದಿನ ನಾವು ಚಂದ್ರನ್ನ ನೋಡಿದ್ರ ಕಳ್ಳತನದ ಅಪವಾದ ಬರ್ತೈತಿ ಅಂತ ಕಿಡಕಿ ಹಾಕೊಂಡ ಕುಂದರ್ತೀವಿ. ಅವರು ಅದೇ ಸಂಜಿಗೆ ಮಾಳಗಿ ಮ್ಯಾಲ ಅರಿಪನ, ಅಂದ್ರ ಅವರ ರಂಗೋಲಿ, ಹಾಕಿ, ಹಣ್ಣು, ಮೊಸರು, ಪಕ್ವಾನ ಇಟ್ಟು ಚಂದ್ರನ್ನ ಪೂಜಿ ಮಾಡ್ತಾರ, ಕೈಯಾಗ ಹಣ್ಣ ಹಿಡಕೊಂಡು ನೆಟ್ಟಗ ನೋಡ್ತಾರ, ಚೌರ್‌ಚನ ಅಂತಾರ. ಆಗ ಹೇಳೂ ಶ್ಲೋಕ ಯಾವ್ದು ಗೊತ್ತೇನು, "ಸಿಂಹಃ ಪ್ರಸೇನಮವಧೀತ್", ನಾವು ತಪ್ಪಿ ಚಂದ್ರನ್ನ ನೋಡಿದಾಗ ದೋಷ ಹೋಗ್ಲಿ ಅಂತ ಹೇಳೂದು ಅದ! ಕಥಿ ಒಂದ, ಶ್ಲೋಕ ಒಂದ, ಅವರು ಮ್ಯಾಲ ನೋಡ್ತಾರ, ನಾವು ಕೆಳಗ ನೋಡ್ತೀವಿ. ನನ್ನ ಹೇಣ್ತಿ ಮೆಟ್ಲತನಕ ಹೋಗಿ ವಾಪಸ್ ಬಂದ್ಲು, ಬ್ಯಾಡಪಾ ಅಂದ್ಲು.

ಹೆಣ್ಮಕ್ಕಳು ಕಲಿಯಾಕ ಚಾಲೂ ಮಾಡೂದಾದ್ರ ಅರಿಪನದಿಂದ ಮಾಡ್ರಿ, ಮಾತಿಗೆ ಮಾತು ತಾನ ಬೆಳಿತೈತಿ. ನಮ್ಮ ರಂಗೋಲಿ ಪುಡಿ ಅಲ್ಲ, ಅಕ್ಕಿ ನೆನಸಿ ನುಣ್ಣಗ ರುಬ್ಬಿದ ಹಿಟ್ಟು, "ಪಿಠಾರ" ಅಂತಾರ, ಅದರಾಗ ಬೆರಳು ಅದ್ದಿ ನೆಲದ ಮ್ಯಾಲ ಎಳೆಯೂದು. ಹಸಿ ಇದ್ದಾಗ ಕಾಣೂದಿಲ್ಲ, ಒಣಗಿದಂಗ ಬೆಳ್ಳಗ ಏಳ್ತೈತಿ, ಆಮ್ಯಾಲ ಕುಂಕುಮದ ಬೊಟ್ಟು. ಮದಿವಿ ಮನ್ಯಾಗ ಗಂಡ-ಹೆಣ್ತಿ ಕೋಲಿ ಗ್ವಾಡಿ ಮ್ಯಾಲ ಕಮಲ, ಬಿದಿರು, ಮೀನ, ಗಿಳಿ ಬರಿತಾರ, ಅದು ಕೋಹಬರ. 1934ರ ಭೂಕಂಪದಾಗ ಗ್ವಾಡಿ ಬಿದ್ದು ಒಳಗಿನ ಈ ಚಿತ್ರ ಹೊರಗ ಕಂಡಾಗ ಆರ್ಚರ್ ಅನ್ನೂ ಅಧಿಕಾರಿ ಫೋಟೋ ತಗದು ಹೊರಗಿನ ಜಗತ್ತಿಗೆ ತಿಳಿಸಿದ, 1960ರ ದಶಕದ ಬರಗಾಲದಾಗ ಕಾಗದದ ಮ್ಯಾಲ ಬರದು ಮಾರಾಕ ಚಾಲೂ ಆತು, ಹಂಗ ಮಧುಬನಿ ಚಿತ್ರ ಆತು. ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಅಂತ ಮನ್ಯಾಗಿನ ಹೆಣ್ಮಕ್ಕಳ ಹೆಸರು ಹಂಗ ಹೊರಗ ಬಂತು. ನಮ್ಮ ಕಸೂತಿ ನೋಡ್ರಿ, ಗೋಪುರ, ತೇರು, ಆನಿ, ತುಳಸಿಕಟ್ಟಿ, ಅದೂ ಮನ್ಯಾಗಿನ ಹೆಣ್ಮಕ್ಕಳ ಕೈಯಾಗ ಉಳಿದದ್ದು. ನನ್ನ ಹೇಣ್ತಿ ಕಸೂತಿ ಸೆರಗು ತೋರಿಸಿದ್ಲು, ಕಾಕಿ ಎಳಿ ಎಣಿಸಿ ನೋಡಿದ್ರು, ಇಬ್ಬರೂ ತಾಸಗಟ್ಲೆ ಮಾತಾಡಿದ್ರು, ಇಕಿಗೆ ಮೈಥಿಲಿ ಬರೂದಿಲ್ಲ ಅವರಿಗೆ ಕನ್ನಡ ಬರೂದಿಲ್ಲ.

ಕಾರ್ತೀಕದಾಗ ಛಠ ಆದಮ್ಯಾಲ ಹುಡುಗ್ಯಾರು ಮಣ್ಣಿನ ಹಕ್ಕಿ ಮಾಡಿ ಸಾಮಾ-ಚಕೇವಾ ಆಡ್ತಾರ, ಅಣ್ಣ-ತಮ್ಮಂದಿರ ಹಾಡು ಹಾಡ್ತಾರ, ಚಾಡಿಕೋರ ಚುಗಿಲಾನ ಗೊಂಬಿ ಮಾಡಿ ಮೀಸಿ ಸುಡ್ತಾರ. ಹಕ್ಕಿ ಬೀಳ್ಕೊಡೂದು ಕಾರ್ತೀಕ ಹುಣ್ಣಿವಿಗೆ, ಅವತ್ತ ನಮ್ಮಲ್ಲಿ ಗೌರಿ ಹುಣ್ಣಿವಿ ಸಕ್ರಿ ಆರತಿ. ಮ್ಯಾಲಿನ ಹುಡುಗಿ ಬುಟ್ಟಿ ಹಿಡಕೊಂಡ ಇಳದ್ಲು, ನಮ್ಮ ಹುಡುಗಿ ಆರತಿ ತಾಟು ಹಿಡಕೊಂಡ ನಿಂತಿದ್ಲು, ಒಂದಕ್ಕೊಂದು ಅದಲ-ಬದಲ ಮಾಡಿಕೊಂಡ್ರು. ನಮ್ಮ ಗುಳ್ಳವ್ವನ್ನ ಕಂಡೋರಿಗೆ ಮಣ್ಣಿನ ಸಾಮಾ ಹೊಸಾದೇನಲ್ಲ.

ಆ ನಾಡು ನೋಡಬೇಕಂದ್ರ ಮೈಸೂರಿಂದ ದರಭಂಗಾಕ್ಕ ಬಾಗಮತಿ ಎಕ್ಸ್‌ಪ್ರೆಸ್ ಐತಿ, ಬಾಗಮತಿ ಅಂದ್ರ ಅಲ್ಲಿ ಹೊಳಿ ಹೆಸರು. ಆದ್ರ ಹೋಗೂಕಿಂತ ಮೊದಲ ಏಪ್ರಿಲ್ ನಡುವ ಬರೂ ಜೂಡ-ಶೀತಲಕ್ಕ ನಿಮ್ಮ ಓಣಿ ಮೈಥಿಲರ ಮನಿಗೆ ಮುಂಜಾನೆದ್ದು ಹೋಗಿ ನೋಡ್ರಿ. ಹೊಸ ವರ್ಷ ಅವರಿಗೆ. ಅವತ್ತ ಒಲಿಗೆ ಸೂಟಿ, ಹಿಂದಿನ ದಿನದ ತಂಗಳ ಅನ್ನ ಉಣ್ತಾರ, ಹಿರೇರು ಸಣ್ಣೋರ ನೆತ್ತಿ ಮ್ಯಾಲ ರಾತ್ರಿ ತುಂಬಿಟ್ಟ ತಣ್ಣೀರು ಹಾಕ್ತಾರ. ಹೋದ ವರ್ಷ ಹುಬ್ಬಳ್ಳಿ ಬಿಸಲು ಮುಂಜಾನೆ ಎಂಟಕ್ಕ ಸುಡಾಕತ್ತಿತ್ತು, ನಾ ಗೇಟ್ ಹಂತೇಕ ಗಾಡಿ ಒರಸ್ಕೋತ ನಿಂತಿದ್ದೆ, ಕಾಕಿ ಲೋಟ ಹಿಡಕೊಂಡ ಒಂದೊಂದ ಮೆಟ್ಲ ಇಳದ ಬಂದು ನನ್ನ ಅರ್ಧಾ ಬಕ್ಕತಲಿ ಮ್ಯಾಲ ನೀರ ಹಾಕಿ "ಜುಡಾಯಲ ರಹೂ" ಅಂದ್ರು, ತಣ್ಣಗಿರ್ರಿ ಅಂತ. ಇದಕ್ಕ ತಿರುಗಿ ಏನರೆ ಹೇಳಬೇಕೇನು ಅಂತ ಹುಡುಗನ್ನ ಕೇಳಿದೆ, ಏನೂ ಹೇಳೂದಿಲ್ಲ, ಬಗ್ಗಿ ಕಾಲ ಮುಟ್ಟೂದು ಅಂದ.